ಬೆರಳಿಗೆ ಕಣ್ಣು ಕೊಟ್ಟ ಲೂಯಿ ಬ್ರೈಲ್

ಆಂಧ್ರಪ್ರದೇಶದ ಹಿಂದೂಪುರ ಮತ್ತು ಕಲ್ಯಾಣದುರ್ಗ ಗಡಿಯಂಚಿನ ಊರುಗಳು. ಹಿಂದೂಪುರದಿಂದ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕರ್ನಾಟಕದ ಗೌರಿಬಿದನೂರು ಸಿಗುತ್ತದೆ. ಎರಡು ಊರುಗಳ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಆಂಧ್ರದ ಒಳಕ್ಕೆ ಚಾಚಿಕೊಂಡಿದೆ. ಆ ಸೀಮೆಯ ಅನೇಕ ಮನೆಗಳಲ್ಲಿ ಒಳಗೆ ಕನ್ನಡ, ಅಂಗಳ ದಾಟಿದರೆ ತೆಲುಗು. ಬಸ್ಸಿನ ಫಲಕ ತೆಲುಗು, ಕಚೇರಿಯ ಅರ್ಜಿ ತೆಲುಗು. ಕಾಸರಗೋಡಿನ ಕನ್ನಡಿಗರಿಗೆ ಈ ಬಾಳನ್ನು ವಿವರಿಸಿ ಹೇಳಬೇಕಾಗಿಲ್ಲ. ತೆಲುಗಿನ ಜಾಗದಲ್ಲಿ ಮಲಯಾಳವನ್ನು ಇಟ್ಟರೆ ಅದು ನಮ್ಮದೇ ಕತೆ.

ಅಂಥ ಮನೆಯೊಂದರಲ್ಲಿ ಕಣ್ಣು ಕಾಣದ ಮಗುವೊಂದಿದೆ ಎಂದು ಭಾವಿಸೋಣ. ಕಣ್ಣುಳ್ಳವರಿಗೆ ಕನ್ನಡದ ‘ಕ’ ಒಂದು ರೂಪ, ತೆಲುಗಿನದು ತುಸು ಬೇರೆ, ಮಲಯಾಳದ್ದು ಪೂರ್ತಿ ಬೇರೆ. ಆ ಮಗುವಿನ ಬೆರಳಿಗಾದರೋ ಮೂರೂ ಒಂದೇ. ದಪ್ಪ ಕಾಗದದ ಮೇಲೆ ಉಬ್ಬಿ ನಿಂತ ಎರಡು ಚುಕ್ಕೆಗಳು, ಒಂದು ಮೇಲೆ, ಒಂದು ಕೆಳಗೆ. ಈ ಚುಕ್ಕೆಗಳನ್ನು ಲೋಕಕ್ಕೆ ಕೊಟ್ಟವನು ಕನ್ನಡವನ್ನಾಗಲಿ ತೆಲುಗನ್ನಾಗಲಿ ಕೇಳಿದವನಲ್ಲ. ಅವನು ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದ ಕುರುಡ ಹುಡುಗ. ಹೆಸರು ಲೂಯಿ ಬ್ರೈಲ್.

ಅಂಗವಿಕಲರ ಮನೆಗಳಿಗೆ ಇಂದು ಬಗೆಬಗೆಯ ಯಂತ್ರಗಳು ಬರುತ್ತಿವೆ. ಮಾತು ಕೇಳಿ ಹೊತ್ತುವ ದೀಪ, ಹೇಳಿದ ಕೂಡಲೇ ತಿರುಗುವ ಫ್ಯಾನು, ಕೈಯಲ್ಲಿರುವ ನೋಟು ಎಷ್ಟು ರೂಪಾಯಿಯದೆಂದು ಹೇಳುವ ಫೋನು ಎಲ್ಲವೂ ಬಂದಿವೆ. ಇವುಗಳ ಬೆಲೆಯೇನು, ಗುಣವೇನು ಎಂದು ಅಳೆಯಲು ನಮಗೊಂದು ಅಳತೆಗೋಲು ಬೇಕು. ಬ್ರೈಲ್ ಅವರ ಜೀವನದಲ್ಲಿ ಆ ಅಳತೆಗೋಲು ಸಿಗುತ್ತದೆ.

ತಂದೆಯ ಕೆಲಸದ ಕೋಣೆ

ಲೂಯಿ ಬ್ರೈಲ್ ಹುಟ್ಟಿದ್ದು 1809ನೇ ಇಸವಿ ಜನವರಿ 4ರಂದು. ಪ್ಯಾರಿಸ್ ನಗರದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಕೂವ್ರೆ ಎಂಬ ಹಳ್ಳಿ ಅವನ ಹುಟ್ಟೂರು. ತಂದೆ ಸಿಮೋನ್ ರೆನೆ ಬ್ರೈಲ್ ಕುದುರೆಗಳ ಜೀನು, ಲಗಾಮುಗಳನ್ನು ತಯಾರಿಸುವ ತೊಗಲಿನ ಕೆಲಸದವನು. ತಾಯಿ ಮೋನಿಕ್. ನಾಲ್ವರು ಮಕ್ಕಳಲ್ಲಿ ಲೂಯಿ ಕಡೆಯವನು.

ಮೂರು ವರ್ಷ ಪ್ರಾಯದಲ್ಲಿ ಹುಡುಗ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದ. ತೊಗಲಿಗೆ ತೂತು ಹಾಕುವ ಚೂಪಾದ ಹತಾರವೊಂದನ್ನು ಎತ್ತಿಕೊಂಡು, ದೊಡ್ಡವರು ಮಾಡುವಂತೆ ತಾನೂ ಮಾಡಹೊರಟ. ಹತಾರ ಜಾರಿ ಒಂದು ಕಣ್ಣಿಗೆ ಚುಚ್ಚಿತು. ಗಾಯ ಕೀವಾಯಿತು. ಆ ಕಾಲದ ವೈದ್ಯಕ್ಕೆ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ರೋಗ ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ತುಂಬುವಷ್ಟರಲ್ಲಿ ಎರಡೂ ಕಣ್ಣುಗಳು ಪೂರ್ತಿ ಹೋದವು.

ಅಂದಿನ ಯುರೋಪಿನಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಭಿಕ್ಷೆಯೇ ಗತಿಯೆಂಬಂತಿತ್ತು. ಬ್ರೈಲ್ ದಂಪತಿಗಳು ಅದಕ್ಕೆ ಒಪ್ಪಲಿಲ್ಲ. ತಂದೆ ಮಗನಿಗೆ ಊರುಗೋಲು ಮಾಡಿಕೊಟ್ಟ. ಹುಡುಗ ಅದನ್ನು ನೆಲಕ್ಕೆ ತಟ್ಟುತ್ತ ಹಳ್ಳಿಯ ದಾರಿಗಳನ್ನು ಕಲಿತ. ತಂದೆ ಮರದ ಹಲಗೆಗೆ ಮೊಳೆ ಬಡಿದು ಅಕ್ಷರದ ಆಕಾರಗಳನ್ನು ಮುಟ್ಟಿಸಿ ಕಲಿಸಿದನೆಂದೂ ಹೇಳುತ್ತಾರೆ. ಊರಿನ ಪಾದ್ರಿ ಪಾಲ್ವಿ ಅವರು ಹುಡುಗನಿಗೆ ಮೊದಲ ಪಾಠ ಹೇಳಿದರು. ಆಮೇಲೆ ಶಾಲಾ ಮಾಸ್ತರರು ಅವನನ್ನು ಇತರ ಮಕ್ಕಳ ಜತೆಯಲ್ಲೇ ಕೂರಿಸಿಕೊಂಡರು. ಕೇಳಿದ್ದನ್ನು ನೆನಪಿನಲ್ಲಿಟ್ಟುಕೊಳ್ಳುವುದರಲ್ಲಿ ಲೂಯಿ ಎಲ್ಲರಿಗಿಂತ ಮುಂದೆ. ಆದರೆ ಪುಸ್ತಕ ತೆರೆಯುವ ಹೊತ್ತಿಗೆ ಅವನು ಕೈಕಟ್ಟಿ ಕೂರಬೇಕಾಗುತ್ತಿತ್ತು.

ಭಾರದ ಪುಸ್ತಕಗಳು

1819ರ ಫೆಬ್ರವರಿಯಲ್ಲಿ, 10 ವರ್ಷ ಪ್ರಾಯದ ಲೂಯಿಯನ್ನು ಪ್ಯಾರಿಸಿನ ಅಂಧ ಮಕ್ಕಳ ವಿದ್ಯಾಲಯಕ್ಕೆ ಸೇರಿಸಿದರು. ವಾಲಂತೆನ್ ಆವಿ ಎಂಬ ಮಹನೀಯರು 1780ರ ದಶಕದಲ್ಲಿ ತೆರೆದ ಶಾಲೆ ಅದು. ಕಟ್ಟಡ ಹಳೆಯದು, ತೇವದಿಂದ ಕೂಡಿದ್ದು. ಅಲ್ಲಿನ ಚಳಿ ಮತ್ತು ಥಂಡಿ ಅನೇಕ ಮಕ್ಕಳ ಆರೋಗ್ಯವನ್ನು ಕೆಡಿಸಿತು.

ಆವಿ ಅವರು ಅಂಧರಿಗೆ ಓದು ಸಾಧ್ಯವೆಂದು ಜಗತ್ತಿಗೆ ತೋರಿಸಿದವರು. ಅವರ ವಿಧಾನ ಸರಳ. ಕಣ್ಣುಳ್ಳವರು ಓದುವ ಅಕ್ಷರಗಳನ್ನೇ ದೊಡ್ಡದು ಮಾಡಿ, ಒದ್ದೆ ಕಾಗದದ ಮೇಲೆ ಒತ್ತಿ, ಉಬ್ಬಿಸಿ ಮುದ್ರಿಸುವುದು. ಮಗು ಒಂದೊಂದೇ ಅಕ್ಷರದ ಅಂಚನ್ನು ಬೆರಳಿನಿಂದ ಸವರಿ ಗುರುತಿಸಬೇಕು. ಪದವೊಂದು ಮುಗಿಯುವ ಹೊತ್ತಿಗೆ ಅದರ ಮೊದಲ ಅಕ್ಷರ ಮರೆತುಹೋಗುವಷ್ಟು ನಿಧಾನ. ಪುಸ್ತಕಗಳು ಮಕ್ಕಳು ಎತ್ತಲಾರದಷ್ಟು ಭಾರ. ಖರ್ಚು ಬಹಳವಾದ್ದರಿಂದ ಶಾಲೆಯಲ್ಲಿ ಇದ್ದದ್ದು ಕೆಲವೇ ಪುಸ್ತಕಗಳು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಲಿಪಿಯಲ್ಲಿ ಮಗು ತಾನಾಗಿ ಏನನ್ನೂ ಬರೆಯುವಂತಿರಲಿಲ್ಲ.

ಹೀಗಾದದ್ದು ಆವಿ ಅವರ ಔದಾರ್ಯದ ಕೊರತೆಯಿಂದಲ್ಲ. ಕಣ್ಣಿಗಾಗಿ ಮಾಡಿದ ಅಕ್ಷರವನ್ನು ಹಾಗೆಯೇ ಬೆರಳಿಗೆ ಒಪ್ಪಿಸಿದ್ದೇ ತೊಡಕಾಯಿತು. ದುಂಡಗಿನ ರೇಖೆಯನ್ನು ಕಣ್ಣು ಒಂದೇ ನೋಟದಲ್ಲಿ ಹಿಡಿಯುತ್ತದೆ. ಬೆರಳಿಗೆ ಬೇಕಾದದ್ದು ರೇಖೆಯಲ್ಲ, ಬಿಂದು.

ಹನ್ನೆರಡರಿಂದ ಆರಕ್ಕೆ

ಬಿಂದುವಿನ ಆಲೋಚನೆ ಬಂದದ್ದು ಷಾರ್ಲ್ ಬಾರ್ಬಿಯೆ ಎಂಬವರಿಂದ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಬಾರ್ಬಿಯೆ ಉಬ್ಬು ಚುಕ್ಕೆಗಳಿಂದ ಬರೆಯುವ ಒಂದು ಕ್ರಮವನ್ನು ರೂಪಿಸಿದ್ದರು. 1821ರಲ್ಲಿ ಅದನ್ನು ಪ್ಯಾರಿಸಿನ ಅಂಧರ ಶಾಲೆಗೆ ತಂದು ತೋರಿಸಿದರು. ಲೂಯಿಗೆ ಆಗ 12 ವರ್ಷ.

ಮಕ್ಕಳು ಹಿಗ್ಗಿದರು. ಚುಕ್ಕೆಗಳು ಬೆರಳಿಗೆ ಥಟ್ಟನೆ ತಿಳಿಯುತ್ತಿದ್ದವು. ಚೂಪಾದ ಮೊಳೆಯಿಂದ ಕಾಗದವನ್ನು ಚುಚ್ಚಿ ತಾವೇ ಬರೆಯಬಹುದಿತ್ತು. ಆದರೆ ಬಳಸಿ ನೋಡಿದಾಗ ದೋಷಗಳು ಗೋಚರಿಸಿದವು. ಬಾರ್ಬಿಯೆ ಅವರ ಒಂದು ಚಿಹ್ನೆಗೆ ಎರಡು ಸಾಲುಗಳಲ್ಲಿ ಆರಾರರಂತೆ 12 ಚುಕ್ಕೆಗಳವರೆಗೆ ಬೇಕಾಗುತ್ತಿತ್ತು. ಅಷ್ಟೆತ್ತರದ ಚಿಹ್ನೆ ಬೆರಳ ತುದಿಯಲ್ಲಿ ಹಿಡಿಯುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಓಡಿಸಿ ಎಣಿಸಬೇಕು. ಮೇಲಾಗಿ ಅದು ಉಚ್ಚಾರವನ್ನು ಮಾತ್ರ ಬರೆಯುವ ಕ್ರಮ. ಫ್ರೆಂಚ್ ಭಾಷೆಯಲ್ಲಿ ಉಚ್ಚಾರವೇ ಬೇರೆ, ಬರಹವೇ ಬೇರೆ. ಈ ಕ್ರಮದಲ್ಲಿ ಓದಿದ ಮಗು ಪದಗಳ ಸರಿಯಾದ ಬರಹವನ್ನು ಎಂದೂ ಕಲಿಯುವಂತಿರಲಿಲ್ಲ. ವಿರಾಮ ಚಿಹ್ನೆಗಳಿಲ್ಲ, ಅಂಕೆಗಳಿಲ್ಲ, ಸಂಗೀತದ ಸ್ವರಲಿಪಿಯಂತೂ ಇಲ್ಲವೇ ಇಲ್ಲ.

ಅಂಧರಿಗೆ ಅಷ್ಟೆಲ್ಲ ಏಕೆ ಬೇಕು, ಒಂದು ಸಂದೇಶ ಓದಿಕೊಂಡರೆ ಸಾಲದೆ ಎಂಬ ಭಾವನೆ ಅಂದು ಸಾಮಾನ್ಯವಾಗಿತ್ತು. ಹುಡುಗ ಲೂಯಿ ಅದನ್ನು ಒಪ್ಪಲಿಲ್ಲ. ಕಣ್ಣುಳ್ಳವರು ಓದುವುದೆಲ್ಲ ತನಗೂ ಬೇಕು, ಕಾಗುಣಿತದ ತಪ್ಪಿಲ್ಲದೆ ಬೇಕು ಎಂಬುದು ಅವನ ಹಟ. ಪಾಠದ ಬಿಡುವಿನಲ್ಲಿ, ರಜೆಯಲ್ಲಿ ಹಳ್ಳಿಗೆ ಹೋದಾಗ, ಮೂರು ವರ್ಷ ಅದರ ಮೇಲೆಯೇ ದುಡಿದ. 1824ರಲ್ಲಿ, 15ರ ಪ್ರಾಯದಲ್ಲಿ, ಅವನ ಲಿಪಿ ಬಹುಮಟ್ಟಿಗೆ ಸಿದ್ಧವಾಗಿತ್ತು.

ಅದರ ರಚನೆಯನ್ನು ನಮ್ಮ ಮಕ್ಕಳೂ ತಿಳಿಯುವುದು ಒಳ್ಳೆಯದು. ಎಡಗಡೆ ಮೇಲಿನಿಂದ ಕೆಳಕ್ಕೆ ಮೂರು ಚುಕ್ಕೆಗಳ ಮನೆ: 1, 2, 3. ಬಲಗಡೆ ಅದೇ ರೀತಿ 4, 5, 6. ಒಟ್ಟು ಆರು ಮನೆಗಳು. ಯಾವ ಮನೆಯಲ್ಲಿ ಚುಕ್ಕೆಯಿದೆ, ಯಾವುದರಲ್ಲಿ ಇಲ್ಲ ಎಂಬುದರಿಂದ ಅಕ್ಷರ ತಿಳಿಯುತ್ತದೆ. ಹೀಗೆ 63 ಬೇರೆ ಬೇರೆ ಚಿಹ್ನೆಗಳಾಗುತ್ತವೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಮನೆಗಳು ಮಾತ್ರ ಸಾಕು. ಮುಂದಿನ ಹತ್ತಕ್ಕೆ ಅವೇ ರೂಪಗಳ ಕೆಳಗೆ ಮೂರನೆಯ ಚುಕ್ಕೆಯನ್ನು ಸೇರಿಸಿದರಾಯಿತು. ಆದ್ದರಿಂದ ಕಲಿಯುವುದು ಸುಲಭ. ಆರೂ ಚುಕ್ಕೆಗಳು ಬೆರಳ ತುದಿಯ ಅಡಿಯಲ್ಲಿ ಒಮ್ಮೆಗೇ ಸಿಗುತ್ತವೆ. ಬೆರಳು ಎಡದಿಂದ ಬಲಕ್ಕೆ ನಿಲ್ಲದೆ ಸಾಗಬಹುದು.

ಕಣ್ಣು ಕಳೆದ ಹತಾರದ ಜಾತಿಯದೇ ಒಂದು ಚೂಪು ಮೊಳೆಯಿಂದ ಅವನು ಈ ಚುಕ್ಕೆಗಳನ್ನು ಚುಚ್ಚಿದ ಎಂಬುದನ್ನು ಜೀವನಚರಿತ್ರೆ ಬರೆದವರೆಲ್ಲ ನೆನೆಯುತ್ತಾರೆ.

ನಿಷೇಧದ ವರ್ಷಗಳು

ಬ್ರೈಲ್ 1828ರಿಂದ ಅದೇ ಶಾಲೆಯಲ್ಲಿ ಸಹಾಯಕ ಅಧ್ಯಾಪಕರಾಗಿ ಕೆಲಸ ಮಾಡಿದರು. 1833ರಲ್ಲಿ ಪೂರ್ಣ ಅಧ್ಯಾಪಕರಾದರು. ಗಣಿತ, ಇತಿಹಾಸ ಕಲಿಸಿದರು. ಪ್ಯಾರಿಸಿನ ಇಗರ್ಜಿಗಳಲ್ಲಿ ಆರ್ಗನ್ ವಾದ್ಯ ನುಡಿಸಿದರು. 1829ರಲ್ಲಿ ತಮ್ಮ ಲಿಪಿಯನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ಸಂಗೀತವನ್ನು ಬರೆಯುವ ಕ್ರಮವೂ ಇತ್ತು. ತಮಗೆ ದಾರಿ ತೋರಿದ ಬಾರ್ಬಿಯೆ ಅವರನ್ನು ಅದರಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. 1837ರಲ್ಲಿ ತಿದ್ದಿದ ಆವೃತ್ತಿ ಬಂತು.

ವಿದ್ಯಾರ್ಥಿಗಳು ಈ ಲಿಪಿಯನ್ನು ಬಾಯಾರಿದವರು ನೀರು ಕುಡಿದಂತೆ ಕಲಿತರು. ಪಾಠದ ಟಿಪ್ಪಣಿ ಬರೆದುಕೊಂಡರು, ಒಬ್ಬರಿಗೊಬ್ಬರು ಚೀಟಿ ಬರೆದರು. ಅಧಿಕಾರಿಗಳಿಗೆ ಮಾತ್ರ ಇದು ರುಚಿಸಲಿಲ್ಲ. ಕಣ್ಣುಳ್ಳ ಅಧ್ಯಾಪಕರಿಗೆ ಓದಲು ಬಾರದ ಲಿಪಿಯನ್ನು ಮಕ್ಕಳು ಬಳಸಿದರೆ ಅವರು ಸಮಾಜದಿಂದ ಬೇರೆಯಾಗುತ್ತಾರೆ ಎಂಬುದು ವಾದ. ಬ್ರೈಲ್ ಅವರಿಗೆ ಬೆಂಬಲವಾಗಿದ್ದ ಮುಖ್ಯಾಧಿಕಾರಿ ಪಿನ್ಯೆ 1840ರಲ್ಲಿ ಕೆಲಸ ಕಳೆದುಕೊಂಡರು. ಅನಂತರ ಬಂದ ದ್ಯುಫೊ ಚುಕ್ಕೆಯ ಲಿಪಿಯನ್ನು ನಿಲ್ಲಿಸಿ, ಉಬ್ಬು ರೇಖೆಯ ಅಕ್ಷರಗಳನ್ನೇ ಮತ್ತೆ ತಂದರು. ಹಳೆಯ ಪುಸ್ತಕಗಳನ್ನು ಸುಡಲಾಯಿತು.

ಮಕ್ಕಳು ಬಿಡಲಿಲ್ಲ. ಹಿರಿಯ ಹುಡುಗರು ಕಿರಿಯರಿಗೆ ಗುಟ್ಟಾಗಿ ಕಲಿಸಿದರು. ಬರೆಯುವ ಹಲಗೆ ಇಲ್ಲದಾಗ ಕೈಗೆ ಸಿಕ್ಕಿದ ಮೊನಚು ವಸ್ತುವಿನಿಂದ ಚುಚ್ಚಿದರು. ಮನೆಮಾತನ್ನು ಶಾಲೆಯಲ್ಲಿ ಆಡಬಾರದೆಂದರೆ ಮಕ್ಕಳು ಆಟದ ಬಯಲಲ್ಲಿ ಆಡಿಕೊಳ್ಳುವಂತೆಯೇ ಇದು. ಕೊನೆಗೆ ದ್ಯುಫೊ ಅವರ ಸಹಾಯಕರಾಗಿದ್ದ ಜೋಸೆಫ್ ಗಾದೆ, ಮಕ್ಕಳು ಓದುವ ವೇಗವನ್ನು ನೋಡಿ ಮನಸ್ಸು ಬದಲಾಯಿಸಿದರು. ಮೇಲಧಿಕಾರಿಯನ್ನೂ ಒಪ್ಪಿಸಿದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಆರಂಭೋತ್ಸವದ ದಿನ ಸಭಿಕರೆದುರಲ್ಲಿ ಬ್ರೈಲ್ ಲಿಪಿಯ ಪ್ರದರ್ಶನ ನಡೆಯಿತು. ಬ್ರೈಲ್ ಅವರು ಅದನ್ನು ಕಿವಿಯಾರೆ ಕೇಳಿದರು.

ಕಣ್ಣುಳ್ಳವರಿಗೊಂದು ಸೇತುವೆ

ಅಂಧರು ಬೇರೆಯಾಗುತ್ತಾರೆ ಎಂಬ ಆಕ್ಷೇಪಕ್ಕೆ ಬ್ರೈಲ್ ಕೆಲಸದಿಂದಲೇ ಉತ್ತರ ಕೊಟ್ಟಿದ್ದರು. ಶಾಲೆಯಲ್ಲಿರುವ ಮಗ ಊರಿನಲ್ಲಿರುವ ತಾಯಿಗೆ ಕಾಗದ ಬರೆಯಬೇಕಾದರೆ ಏನು ಮಾಡಬೇಕು? ಆಕೆಗೆ ಚುಕ್ಕೆಯ ಲಿಪಿ ಬಾರದು. ಅದಕ್ಕಾಗಿ 1839ರಲ್ಲಿ ಅವರು ಇನ್ನೊಂದು ಕ್ರಮವನ್ನು ಪ್ರಕಟಿಸಿದರು. ಸಾಮಾನ್ಯ ಅಕ್ಷರಗಳ ಆಕಾರವನ್ನೇ ಸಣ್ಣ ಚುಕ್ಕೆಗಳಿಂದ ಮೂಡಿಸುವ ವಿಧಾನ ಅದು. ಬರೆದ ಅಂಧನಿಗೆ ಬೆರಳಿನಿಂದ ತಿಳಿಯುತ್ತದೆ, ಓದುವ ತಾಯಿಗೆ ಕಣ್ಣಿನಿಂದ ತಿಳಿಯುತ್ತದೆ.

ಒಂದೊಂದು ಅಕ್ಷರಕ್ಕೂ ಹಲವು ಚುಕ್ಕೆ ಚುಚ್ಚುವುದು ದೀರ್ಘ ಕೆಲಸ. ಅದನ್ನು ಹಗುರ ಮಾಡಲು ಗೆಳೆಯ ಪಿಯರ್ ಫೂಕೊ 1841ರಲ್ಲಿ ಕೀಲಿಗಳನ್ನು ಒತ್ತಿ ಬರೆಯುವ ಯಂತ್ರವೊಂದನ್ನು ಮಾಡಿದರು. ಫೂಕೊ ಕೂಡ ಅಂಧರೇ. ಬೆರಳಚ್ಚು ಯಂತ್ರ ಕಚೇರಿಗಳಿಗೆ ಬರುವುದಕ್ಕೆ ಹಲವು ದಶಕಗಳ ಮೊದಲು, ಇಬ್ಬರು ಕುರುಡರು ಸೇರಿ ಅಂಥದೇ ಒಂದು ಯಂತ್ರವನ್ನು ಬಳಕೆಗೆ ತಂದಿದ್ದರು. ಅಂಗವಿಕಲರಿಗಾಗಿ ಹುಟ್ಟಿದ ಉಪಕರಣ ಎಲ್ಲರಿಗೂ ದಾರಿ ತೋರುವುದುಂಟು ಎಂಬುದಕ್ಕೆ ಇದು ಹಳೆಯ ನಿದರ್ಶನ.

ಮರಣ ಮತ್ತು ಮನ್ನಣೆ

ತೇವದ ಕಟ್ಟಡದಲ್ಲಿ ಬೆಳೆದ ಬ್ರೈಲ್ ಅವರಿಗೆ ಯೌವನದಲ್ಲೇ ಕ್ಷಯರೋಗ ತಗಲಿತ್ತು. ಕೆಮ್ಮು, ರಕ್ತ, ವಿಶ್ರಾಂತಿ, ಮತ್ತೆ ಪಾಠ ಎಂದು ಹಲವು ವರ್ಷ ನಡೆಯಿತು. 1852ರ ಜನವರಿ 6ರಂದು, 43 ವರ್ಷ ತುಂಬಿದ ಎರಡೇ ದಿನಕ್ಕೆ ಅವರು ತೀರಿಕೊಂಡರು. ಮದುವೆಯಾಗಿರಲಿಲ್ಲ. ಊರಿಗೆ ಒಯ್ದು ಹಳ್ಳಿಯ ಸ್ಮಶಾನದಲ್ಲಿ ಹೂಳಿದರು.

ಅವರ ಲಿಪಿಯನ್ನು ಆ ಶಾಲೆ ವಿಧಿವತ್ತಾಗಿ ಸ್ವೀಕರಿಸಿದ್ದು 1854ರಲ್ಲಿ, ಅಂದರೆ ಅವರು ಸತ್ತ ಎರಡು ವರ್ಷಕ್ಕೆ. 1878ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ ಇದೇ ಲಿಪಿಗೆ ಮನ್ನಣೆ ಕೊಟ್ಟಿತು. ಇಂಗ್ಲೆಂಡಿನ ಕತೆ ಇನ್ನೂ ಬೋಧಪ್ರದ. ಅಲ್ಲಿ ಹತ್ತಾರು ಬಗೆಯ ಉಬ್ಬು ಲಿಪಿಗಳಿದ್ದವು, ಒಂದೊಂದಕ್ಕೂ ಒಬ್ಬೊಬ್ಬ ಕಣ್ಣುಳ್ಳ ಪೋಷಕ. ದೃಷ್ಟಿ ಕಳೆದುಕೊಂಡ ವೈದ್ಯ ಡಾ. ಆರ್ಮಿಟೇಜ್ 1868ರಲ್ಲಿ ಒಂದು ಸಂಘ ಕಟ್ಟಿ, ಯಾವುದು ಉತ್ತಮವೆಂದು ಬೆರಳಿನಿಂದ ಓದುವವರೇ ತೀರ್ಮಾನಿಸಬೇಕೆಂದು ನಿಶ್ಚಯಿಸಿದರು. ಅವರು ಆರಿಸಿದ್ದು ಬ್ರೈಲ್ ಲಿಪಿಯನ್ನು. ಇಂಗ್ಲಿಷ್ ಓದುವ ದೇಶಗಳೆಲ್ಲ ಒಂದೇ ಬಗೆಯ ಬ್ರೈಲಿಗೆ ಒಪ್ಪಲು 1932 ಬರಬೇಕಾಯಿತು.

1952ರಲ್ಲಿ, ತೀರಿಕೊಂಡ ನೂರನೆಯ ವರ್ಷದಲ್ಲಿ, ಫ್ರಾನ್ಸ್ ಸರಕಾರ ಅವರ ಅವಶೇಷಗಳನ್ನು ಪ್ಯಾರಿಸಿನ ಪಾಂಥೆಯೋನ್ ಭವನಕ್ಕೆ ಸಾಗಿಸಿತು. ದೇಶದ ಮಹಾಪುರುಷರ ವಿಶ್ರಾಂತಿ ಸ್ಥಾನವದು. ಕಣ್ಣು, ಕಿವಿ ಎರಡೂ ಇಲ್ಲದೆ ವಿದ್ಯೆ ಸಾಧಿಸಿದ ಹೆಲೆನ್ ಕೆಲ್ಲರ್ ಆ ಸಮಾರಂಭಕ್ಕೆ ಬಂದಿದ್ದರು. ಕೂವ್ರೆ ಹಳ್ಳಿಯವರು ಮಾತ್ರ ತಮ್ಮ ಹುಡುಗನನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಅವರ ಕೈಗಳ ಅವಶೇಷ ಊರಿನ ಗೋರಿಯಲ್ಲೇ ಉಳಿದಿದೆ. 2009ರಲ್ಲಿ, ಹುಟ್ಟಿದ ಇನ್ನೂರನೆಯ ವರ್ಷದಲ್ಲಿ, ಭಾರತ ಸರಕಾರ ಬ್ರೈಲ್ ಅವರ ಚಿತ್ರವಿರುವ 2 ರೂಪಾಯಿಯ ನಾಣ್ಯ ಹೊರಡಿಸಿತು. ವಿಶ್ವಸಂಸ್ಥೆ 2019ರಿಂದ ಜನವರಿ 4ನ್ನು ವಿಶ್ವ ಬ್ರೈಲ್ ದಿನವಾಗಿ ಆಚರಿಸುತ್ತಿದೆ.

ನಮ್ಮ ಭಾಷೆಗಳಿಗೆ ಬಂದ ಬಗೆ

ಭಾರತದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆಯಿತು. ಬ್ರೈಲ್ ಲಿಪಿಯನ್ನು ನಮ್ಮ ಭಾಷೆಗಳಿಗೆ ಹೊಂದಿಸುವ ಪ್ರಯತ್ನ ಪ್ರಾಂತಕ್ಕೊಂದು ರೀತಿಯಲ್ಲಿ ನಡೆಯಿತು. ಒಂದು ಊರಿನಲ್ಲಿ ಅಚ್ಚಾದ ಪುಸ್ತಕ ಇನ್ನೊಂದು ಊರಿನ ಅಂಧನಿಗೆ ಓದಲಾಗದ ಸ್ಥಿತಿ. ಸ್ವಾತಂತ್ರ್ಯ ಬಂದ ಮೇಲೆ ಈ ಗೊಂದಲ ಬಗೆಹರಿಯಿತು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಸಾಮಾನ್ಯವಾದ ಭಾರತಿ ಬ್ರೈಲ್ ರೂಢಿಗೆ ಬಂತು. ಅದೇ ವರ್ಷ ಡೆಹರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯವೂ ಸ್ಥಾಪನೆಯಾಯಿತು.

ಭಾರತಿ ಬ್ರೈಲಿನ ಸೂತ್ರ ಇಷ್ಟೇ: ಒಂದು ಧ್ವನಿಗೆ ಒಂದು ಚಿಹ್ನೆ, ಭಾಷೆ ಯಾವುದಾದರೂ ಸರಿ. ಅ ಎಂದರೆ ಮನೆ 1ರ ಒಂದೇ ಚುಕ್ಕೆ. ಕ ಎಂದರೆ 1 ಮತ್ತು 3. ಲ ಎಂದರೆ ಎಡಗಡೆಯ ಮೂರೂ ಚುಕ್ಕೆ. ಮ ಎಂದರೆ 1, 3, 4. ಈ ಮೂರು ಚಿಹ್ನೆಗಳಿಂದ ‘ಕಮಲ’ ಎಂದು ಬರೆದರೆ ಕನ್ನಡದ ಮಗು, ತೆಲುಗಿನ ಮಗು, ಮಲಯಾಳದ ಮಗು ಮೂವರೂ ಓದುತ್ತಾರೆ. ಇಂಗ್ಲಿಷಿನ ಕೆ, ಎಂ, ಎಲ್ ಅಕ್ಷರಗಳಿಗೂ ಇವೇ ಚುಕ್ಕೆಗಳು. ಆಯಾ ಭಾಷೆಗೇ ವಿಶೇಷವಾದ ಅಕ್ಷರಗಳಿಗೆ ಬೇರೆ ಏರ್ಪಾಡಿದೆ.

1953ರಲ್ಲಿ ಆಂಧ್ರ ರಾಜ್ಯವಾಗಿ, 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ಗಡಿಗೆರೆಗಳು ಬಿದ್ದಾಗ, ಬೆರಳಿನ ಲಿಪಿಯಲ್ಲಿ ಆ ಗೆರೆಗಳು ಇರಲಿಲ್ಲ. ಇದು ಸಂತೋಷದ ಸಂಗತಿ. ಆದರೆ ಲಿಪಿ ಒಂದಾದ ಮಾತ್ರಕ್ಕೆ ಭಾಷೆ ಒಂದಾಗುವುದಿಲ್ಲ, ಪುಸ್ತಕವೂ ಒಂದಾಗುವುದಿಲ್ಲ. ಹಿಂದೂಪುರದ ಕನ್ನಡ ಮಗುವಿಗೆ ತೆಲುಗಿನ ಬ್ರೈಲ್ ಪುಸ್ತಕ ಕೊಟ್ಟರೆ ಅದರ ಬೆರಳು ಅಕ್ಷರಗಳನ್ನು ಓದುತ್ತದೆ. ಅಜ್ಜಿ ಹೇಳಿದ ಕತೆಯ ಭಾಷೆ ಅಲ್ಲಿ ಸಿಗುವುದಿಲ್ಲ. ಕಣ್ಣುಳ್ಳ ಮಗು ಮನೆಗೆ ಬರುವ ಪತ್ರಿಕೆಯನ್ನೋ ಗೋಡೆಯ ಪಂಚಾಂಗವನ್ನೋ ನೋಡಿ ಮನೆಮಾತಿನ ಅಕ್ಷರ ಕಲಿತುಬಿಡುತ್ತದೆ. ಅಂಧ ಮಗುವಿಗೆ ಆ ಅವಕಾಶವಿಲ್ಲ. ಅದಕ್ಕೆ ಯಾರಾದರೂ ಬೇಕೆಂದೇ ತಂದುಕೊಡಬೇಕು. ಭಾಷಾ ಅಲ್ಪಸಂಖ್ಯಾತರ ಮನೆಯ ಅಂಧ ಮಗು ಹೀಗೆ ಎರಡು ಪಟ್ಟು ಅಲ್ಪಸಂಖ್ಯಾತ.

ಆ ಸೀಮೆಯಲ್ಲಿ ಅಂಗವಿಕಲರಿಗಾಗಿ ದುಡಿದವರಿಲ್ಲವೆಂದಲ್ಲ. ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಹಳ್ಳಿಗಳಲ್ಲಿ ಅಂಗವಿಕಲರ ಸಂಘಗಳನ್ನು ಕೂಡಿಸಿತು, ದೃಷ್ಟಿಹೀನ ಮಕ್ಕಳಿಗೆ ವಸತಿ ಶಾಲೆ ನಡೆಸಿತು, ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ತೆರೆಯಿತು. ಫೆರರ್ ತೀರಿಕೊಂಡದ್ದು 2009ರಲ್ಲಿ. ನಮ್ಮಲ್ಲಿಯೂ ಕಾಸರಗೋಡಿನ ವಿದ್ಯಾನಗರದಲ್ಲಿ ಸರಕಾರಿ ಅಂಧರ ಶಾಲೆಯಿದೆ. ಶಾಲೆಯ ಜತೆಗೆ ಮನೆಯೂ ಕೈಹಾಕಬೇಕಾದ ಕೆಲಸ ಇದು.

ಮಾತು ಕೇಳುವ ಮನೆ

ಇನ್ನು ಇಂದಿನ ಯಂತ್ರಗಳ ವಿಚಾರ. ಬ್ರೈಲ್ ಅವರ ಜೀವನದಿಂದ ಮೂರು ಪ್ರಶ್ನೆಗಳನ್ನು ಆರಿಸಿಕೊಳ್ಳಬಹುದು.

ಮೊದಲನೆಯದು, ಈ ಯಂತ್ರ ಯಾರ ಅಂಗಕ್ಕೆ ಹೊಂದುತ್ತದೆ? ಇತ್ತೀಚಿನ ಕರೆಂಟು ಒಲೆ, ಬಟ್ಟೆ ಒಗೆಯುವ ಯಂತ್ರಗಳ ಮೇಲ್ಭಾಗ ನುಣ್ಣನೆಯ ಗಾಜು. ತಿರುಗಿಸುವ ಗುಂಡಿಯಿಲ್ಲ, ಒತ್ತುವ ಬಿಲ್ಲೆಯಿಲ್ಲ. ಕಣ್ಣುಳ್ಳವರಿಗೆ ಅಂದವಾಗಿ ಕಾಣುವ ಆ ಗಾಜು ಅಂಧ ಗೃಹಿಣಿಗೆ ಗೋಡೆ. ಆವಿ ಅವರ ರೇಖೆಯ ಅಕ್ಷರಗಳ ತಪ್ಪೇ ಇಲ್ಲಿ ಮತ್ತೆ ನಡೆದಿದೆ. ಹಳೆಯ ಫೋನಿನ 5ರ ಬಿಲ್ಲೆಯ ಮೇಲೆ ಒಂದು ಉಬ್ಬು ಚುಕ್ಕೆಯಿರುತ್ತದೆ. ಅದೊಂದು ಗೊತ್ತಾದರೆ ಉಳಿದೆಲ್ಲ ಅಂಕೆಗಳೂ ಬೆರಳಿಗೆ ಗೊತ್ತಾಗುತ್ತವೆ. ಗಾಜಿನ ಮೇಲೆ ಸರಿಯಾದ ಜಾಗದಲ್ಲಿ ಗಟ್ಟಿ ಅಂಟಿನ ಒಂದು ಹನಿ ಒಣಗಿಸಿದರೂ ಸಾಕು, ಕೆಲಸ ನಡೆಯುತ್ತದೆ.

ಎರಡನೆಯದು, ಬಳಸುವವರನ್ನು ಕೇಳಿ ಮಾಡಿದ್ದಾರೆಯೆ? ಗಣಕಯಂತ್ರದ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಅಂಧ ಯುವಕರು. ಅದು ಉಚಿತ. ಕನ್ನಡವನ್ನೂ ಓದುತ್ತದೆ. ಸಾಮಾನ್ಯ ಬರಹವನ್ನು ಬ್ರೈಲಿಗೆ ತಿರುಗಿಸುವ ಉಚಿತ ತಂತ್ರಾಂಶವೊಂದಿದೆ. ಅದರ ಹೆಸರು ಲಿಬ್‌ಲೂಯಿ. ಹೆಸರು ಯಾರದ್ದೆಂದು ಹೇಳಬೇಕಾಗಿಲ್ಲ. ಕನ್ನಡ, ತೆಲುಗು, ಮಲಯಾಳಗಳ ಪಟ್ಟಿಗಳೂ ಅದರಲ್ಲಿವೆ.

ಮೂರನೆಯದು, ಅದು ಯಾವ ಭಾಷೆಯಲ್ಲಿ ಕೇಳುತ್ತದೆ, ಯಾವ ಭಾಷೆಯಲ್ಲಿ ಹೇಳುತ್ತದೆ? ನೋಟುಗಳನ್ನು ಗುರುತಿಸಲು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ‘ಮಣಿ’ ಎಂಬ ಫೋನ್ ತಂತ್ರಾಂಶ ಹೊರತಂದಿತು. ಉಪಯುಕ್ತ ಸಾಧನ. ಹೊರಬಂದಾಗ ಅದು ಮಾತಾಡುತ್ತಿದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡವೊಂದನ್ನೇ ಬಲ್ಲ ಅಂಧ ಅಜ್ಜಿಗೆ ನೂರರ ನೋಟು ಯಾವುದು, ಇನ್ನೂರರದು ಯಾವುದು ಎಂದು ತಿಳಿಯಲು ಮೊಮ್ಮಗನೇ ಬೇಕಾಗಿತ್ತು. ಮಾತು ಕೇಳುವ ದೀಪಕ್ಕೂ ಇದೇ ಪ್ರಶ್ನೆ. ಕಾಲು ನಡೆಯದೆ ಹಾಸಿಗೆ ಹಿಡಿದ ತಾತನಿಗೆ ‘ದೀಪ ಹಾಕು’ ಎಂದರೆ ದೀಪ ಹೊತ್ತಿದರೆ ಅದು ಅವರ ಮನೆ. ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಹೊತ್ತುವುದಾದರೆ ಅವರು ಸ್ವಂತ ಮನೆಯಲ್ಲೇ ಇನ್ನೊಬ್ಬರ ಬಾಯಿ ನೋಡುತ್ತ ಮಲಗಿರಬೇಕು. ಬಸ್ಸಿನಲ್ಲಿ, ಕಚೇರಿಯಲ್ಲಿ ಪರಭಾಷೆಗೆ ಹೊಂದಿಕೊಂಡ ನಮಗೆ ಮನೆಯ ಗೋಡೆಯೊಳಗಾದರೂ ನಮ್ಮ ಮಾತು ನಡೆಯಬೇಡವೆ?

ಕಾನೂನಿನ ಬೆಂಬಲ ಇಲ್ಲದಿಲ್ಲ. ಅಂಗವಿಕಲರ ಹಕ್ಕುಗಳ ಬಗೆಗೆ 2016ರಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿದೆ. ಅಚ್ಚಾದ ಪುಸ್ತಕವನ್ನು ಅಂಧರಿಗಾಗಿ ಬ್ರೈಲಿಗೋ ಧ್ವನಿಗೋ ತಿರುಗಿಸಲು ಅಡ್ಡಿಯಾಗಬಾರದೆಂದು 2013ರಲ್ಲಿ ಮರಾಕೆಶ್ ನಗರದಲ್ಲಿ ಒಪ್ಪಂದವಾಯಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತ. ಆದ್ದರಿಂದ ಕನ್ನಡ ಪುಸ್ತಕಗಳನ್ನು ಬ್ರೈಲಿಗೆ ತರಲು ಇನ್ನು ಬೇಕಾದದ್ದು ಕೇಳುವ ಜನ.

ನಮ್ಮ ಮನೆಗಳಲ್ಲಿ, ನೆರೆಕರೆಯಲ್ಲಿ ಕಣ್ಣು ಕಾಣದವರಿದ್ದರೆ, ಯಾವ ಯಂತ್ರವನ್ನೇ ಆಗಲಿ ಹಣ ಕೊಡುವ ಮೊದಲು ಅವರ ಕೈಗೆ ಕೊಟ್ಟು ನೋಡಬೇಕು. ಕನ್ನಡದಲ್ಲಿ ಮಾತಾಡುತ್ತದೆಯೆ ಎಂದು ಅಂಗಡಿಯವನನ್ನು ಕೇಳಬೇಕು. ಕರೆಂಟು ಹೋದಾಗ, ಇಂಟರ್‌ನೆಟ್ ನಿಂತಾಗ ಕೈಯಿಂದ ಹಾಕುವ ಸ್ವಿಚ್ಚು ಅವರಿಗೆ ಎಟಕುವಂತಿದೆಯೆ ಎಂದು ನೋಡಬೇಕು. ಮನೆಯಲ್ಲಿ ಅಂಧ ಮಗುವಿದ್ದರೆ ಅದಕ್ಕೆ ಕನ್ನಡದ ಬ್ರೈಲ್ ಪುಸ್ತಕ ಬೇಕೆಂದು ಶಾಲೆಗೆ ಬರೆದು ಕೊಡಬೇಕು. ಓದಿ ಹೇಳುವ ಫೋನು ಬಂದಿತಲ್ಲ, ಇನ್ನು ಬ್ರೈಲ್ ಏಕೆ ಎಂಬವರೂ ಇದ್ದಾರೆ. ಕೇಳಿದವನಿಗೆ ಕತೆ ತಿಳಿಯುತ್ತದೆ, ಕಾಗುಣಿತ ತಿಳಿಯುವುದಿಲ್ಲ. ಹದಿನೈದರ ಹುಡುಗ ಲೂಯಿ ಬಾರ್ಬಿಯೆ ಅವರ ಹನ್ನೆರಡು ಚುಕ್ಕೆಗಳನ್ನು ಒಲ್ಲೆನೆಂದದ್ದಕ್ಕೆ ಇದೂ ಒಂದು ಕಾರಣವಾಗಿತ್ತು.